ಹಳೆಯ ಗೂಡಿಗೆ ಬಂದ ಸುದ್ದಿ

ಕ್ರಾಗ್‌ನೆಸ್
21 ಅಕ್ಟೋಬರ್ 1889

ಅಪ್ಪನಿಗೆ,

ಹೊರಡುವಾಗ "ತಲುಪಿದ ತಕ್ಷಣ ಎರಡು ಸಾಲು ಬರಿ" ಎಂದು ಅಮ್ಮ ಹೇಳಿದ್ದಳು. ನೀವು ಬಾಗಿಲಿಗೂ ಬಂದಿರಲಿಲ್ಲ. ಆದ್ದರಿಂದ ಈ ಪತ್ರ ಅಮ್ಮನಿಗೆ ಎಂದೇ ತಿಳಿಯಿರಿ. ಅವಳಿಗೆ ಓದು ಬಾರದ ಕಾರಣ ನೀವು ಓದಿ ಹೇಳಬೇಕಾಗಿದೆ, ಅಷ್ಟೆ.

ನಾನು ಸುಖವಾಗಿದ್ದೇನೆ. ಮಿಸೆಸ್ ವೆಡ್ಡಲ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿದೆ. ಬೆಳಿಗ್ಗೆ ಓಟ್ಸ್ ಗಂಜಿ, ಸಂಜೆ ಹೊಗೆಯಲ್ಲಿಟ್ಟ ಮೀನು, ಮತ್ತೆ ಬೆಳಿಗ್ಗೆ ಗಂಜಿ. ನಾನು ಪತ್ರಿಕೆಗೆ ಬರೆಯುತ್ತೇನೆಂದು ತಿಳಿದಾಗ ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಯ್ಯೋ ಪಾಪ, ಮನೇಲಿ ಗಂಡಸರಿಲ್ವಾ?" ಎಂದಳು. ಇದ್ದಾರೆ, ಒಬ್ಬರು, ಮೂವತ್ತು ವರ್ಷದಿಂದ ಎದುರು ಪತ್ರಿಕೆಯಲ್ಲಿ ಉಪಸಂಪಾದಕರು, ಮಗಳ ಪರವಾಗಿ ತಮ್ಮ ಸಂಪಾದಕರ ಹತ್ತಿರ ಒಂದು ಮಾತು ಆಡಲಿಲ್ಲ ಎಂದು ಹೇಳೋಣವೆನಿಸಿತು.

ಬೀಕನ್ ಪತ್ರಿಕೆಗೆ ಈವರೆಗೆ ಎರಡು ವರದಿ ಕಳಿಸಿದ್ದೇನೆ. ಒಂದು ಚರ್ಚಿನ ಹೆಂಗಸರ ಸಂತೆಯದು, ಇನ್ನೊಂದು ಪಾದ್ರಿಯವರ ಹೆಂಡತಿಯ ಕುಂಬಳಕಾಯಿಗೆ ಬಹುಮಾನ ಬಂದದ್ದು. ನಮ್ಮ ಸಂಪಾದಕ ಪಿಕ್ಸ್ಲಿಯವರು ಹೊರಡುವಾಗಲೇ ಸ್ಪಷ್ಟವಾಗಿ ಹೇಳಿದ್ದಾರೆ. ನವೆಂಬರ್ ಮುಗಿಯುವುದರೊಳಗೆ ಟೋಪಿ, ಜಾಮು, ಕಸೂತಿ ಬಿಟ್ಟು ಒಂದಾದರೂ ನಿಜವಾದ ಸುದ್ದಿಯನ್ನು ಬೇರೆಯವರಿಗಿಂತ ಮೊದಲು ಕಳಿಸಿದರೆ ಕೆಲಸ ಕಾಯಂ. ಇಲ್ಲವಾದರೆ ನಮಸ್ಕಾರ. ಅವಸರದ ಸುದ್ದಿಗೆಂದು ವಾರಕ್ಕೊಮ್ಮೆ ರೈಲಿನಲ್ಲಿ ಒಂದು ಬುಟ್ಟಿ ಕಳಿಸುತ್ತಾರೆ, ಅದರಲ್ಲಿ ಎರಡು ಪಾರಿವಾಳ, ಕಾಲಿಗೆ ಚೀಟಿ ಕಟ್ಟಿ ಬಿಟ್ಟರೆ ತಮ್ಮ ಗೂಡಿಗೆ ಹಾರುವಂಥವು. ವಾರದ ಕೊನೆಯಲ್ಲಿ ಸುದ್ದಿಯಿಲ್ಲದೆ ಅವು ಹಾಗೇ ಹಿಂದಿರುಗುತ್ತವೆ. ಅವುಗಳ ಮುಖ ನೋಡಲು ನನಗೇ ನಾಚಿಕೆಯಾಗುತ್ತದೆ.

ಅಮ್ಮನಿಗೆ ನನ್ನ ಪ್ರೀತಿ. ನಿಮಗೂ, ಬೇಕಿದ್ದರೆ.

ತಬಿತಾ


ಹ್ಯಾಲಬಿ
26 ಅಕ್ಟೋಬರ್ 1889

ತಬಿತಾ,

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. "ಗಂಡಸರಿಲ್ವಾ" ಎಂಬಲ್ಲಿ ನಿಲ್ಲಿಸಿದೆ. ಆದರೂ ಅವಳು ನನ್ನ ಮುಖ ನೋಡಿ, "ಮುಂದಿಂದು ಯಾಕ್ ನುಂಗಿದ್ರಿ? ಓದಿ, ಓದಿ" ಎಂದಳು. ಓದಿದೆ. ಆ ದಿನ ರಾತ್ರಿ ಊಟದ ಹೊತ್ತಿಗೆ ಆಲೂಗಡ್ಡೆ ಬೆಂದಿರಲಿಲ್ಲ.

ನಿನ್ನ ಸಂತೆಯ ವರದಿ ನೋಡಿದೆ. ಎದುರಾಳಿಯ ಪತ್ರಿಕೆ ಓದುವುದು ನನ್ನ ಕೆಲಸ, ಇಲ್ಲದಿದ್ದರೆ ಓದುತ್ತಿರಲಿಲ್ಲ. ಒಂದು ಬಾಟಲಿ ಜಾಮಿಗೆ ನಾಲ್ಕು ವಿಶೇಷಣಗಳನ್ನು ಹಚ್ಚಿದ್ದೀಯೆ. ಬ್ರೆಡ್ಡಿಗೂ ಅಷ್ಟು ಹಚ್ಚುವುದಿಲ್ಲ.

ಇಲ್ಲಿಯ ಸುದ್ದಿ ಎಂದರೆ ನಮ್ಮ ಕೊರಿಯರ್ ಪತ್ರಿಕೆಯ ಕಚೇರಿ ಕೊನೆಗೂ ಸ್ಥಳ ಬದಲಾಯಿಸಿತು. ನಿಮ್ಮ ಬೀಕನ್‌ನವರು ಗುಡ್ಡದ ಮೇಲೆ, ರೈಲು ನಿಲ್ದಾಣದ ಪಕ್ಕ, ಅರಮನೆ ಕಟ್ಟಿಸಿಕೊಂಡು ಹೋದರಲ್ಲ, ಬಂದರಿನ ಪಕ್ಕದಲ್ಲಿ ಅವರು ಬಿಟ್ಟುಹೋದ ಹಳೆಯ ಕಟ್ಟಡವನ್ನು ನಾವು ಹಿಡಿದಿದ್ದೇವೆ. ನನ್ನ ಮೇಜು ಎರಡನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕ. ಬೀಕನ್‌ನ ಮನುಷ್ಯರು ಹೋದರೂ ಅದರ ಪಾರಿವಾಳಗಳು ಹೋಗಿಲ್ಲ. ನಮ್ಮ ಮಾಡಿನಲ್ಲಿರುವ ಗೂಡೇ ಅವುಗಳಿಗೆ ಹುಟ್ಟಿದ ಮನೆ. ಹೊಸ ಮರಿಗಳು ಗುಡ್ಡದ ಗೂಡಿಗೆ ಹೋಗುತ್ತವಂತೆ. ಹಳೆಯವು ಮಾತ್ರ ಎಲ್ಲಿ ಬಿಟ್ಟರೂ ನೇರ ಇಲ್ಲಿಗೇ ಬಂದು ನನ್ನ ಕಿಟಕಿಯ ಮೇಲೆ ಕೂತು, ನಾನೇ ಬಾಡಿಗೆಗೆ ಬಂದವನೋ ಎಂಬಂತೆ ನೋಡುತ್ತವೆ. ನಿಮ್ಮ ಪಾರಿವಾಳದವನು ಆಗಾಗ ಬಂದು, "ಕ್ಷಮಿಸಿ ಸ್ವಾಮಿ, ಮತ್ತೆ ಬಂದ್ಬಿಟ್ವಾ" ಎಂದು ಹಿಡಿದುಕೊಂಡು ಹೋಗುತ್ತಾನೆ.

ಹುಡುಗಿಯರ ಶಾಲೆಯ ಕೆಲಸ ಇನ್ನೂ ಖಾಲಿಯೇ ಇದೆ. ಮುಖ್ಯೋಪಾಧ್ಯಾಯಿನಿ ಡಿಸೆಂಬರ್‌ವರೆಗೆ ಕಾಯುತ್ತಾರಂತೆ. ನಾನಾಗಿ ಕೇಳಲಿಲ್ಲ, ಅವರೇ ಹೇಳಿದರು. ಪತ್ರಿಕೆಯ ಕಚೇರಿ ಎಂದರೆ ಹೊಗೆ, ಬೈಗುಳ, ಅವಸರ. ಮೂವತ್ತು ವರ್ಷ ಅದರೊಳಗೆ ಕೂತವನು ಹೇಳುತ್ತಿದ್ದೇನೆ.

ಅಮ್ಮ ಪಾರ್ಕಿನ್ ಕೇಕು ಮಾಡುತ್ತಿದ್ದಾಳೆ, ನವೆಂಬರ್ ಐದರ ಬೆಂಕಿಹಬ್ಬಕ್ಕೆ ನಿನಗೆ ತಲುಪುವಂತೆ ಕಳಿಸುತ್ತಾಳೆ.

ನಿನ್ನ ತಂದೆ
ಎನೋಕ್ ರಡಕ್


ಕ್ರಾಗ್‌ನೆಸ್
8 ನವೆಂಬರ್ 1889

ಅಪ್ಪಾ, ಅಪ್ಪಾ, ಅಮ್ಮಾ,

ನನ್ನ ಬೂಟಿನಲ್ಲಿ ಇನ್ನೂ ಸಮುದ್ರದ ನೀರಿದೆ, ಆದರೂ ಬರೆಯದೆ ಇರಲಾಗುತ್ತಿಲ್ಲ. ಈ ಪತ್ರ ನಿಮಗೆ ಯಾವಾಗ ಸಿಗುವುದೋ ಗೊತ್ತಿಲ್ಲ. ತಂತಿಯ ಕಂಬಗಳು ಬುಡಸಮೇತ ಬಿದ್ದಿವೆ. ರೈಲುಹಾದಿಯ ಮಣ್ಣು ಕುಸಿದು ಕಂಬಿಗಳು ಗಾಳಿಯಲ್ಲಿ ನೇತಾಡುತ್ತಿವೆ. ಗಾಡಿಯವನೊಬ್ಬ ಬಳಸುದಾರಿಯಲ್ಲಿ ಹೋಗುತ್ತೇನೆಂದಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಆದರೆ ನೀವು ಬೀಕನ್ ಓದಿರುತ್ತೀರಿ! ಓದಿರಲೇಬೇಕು.

ಬುಧವಾರದ ಗಾಳಿ ನಿಮಗೂ ಗೊತ್ತು. ನಮ್ಮ ಹ್ಯಾಲಬಿಯ ಏಳು ದೋಣಿಗಳು ಹೊರಗೆ ಹೋಗಿವೆಯೆಂದು ಇಲ್ಲಿಯವರಿಗೂ ತಿಳಿದಿತ್ತು. "ಮುಗೀತು ಬಿಡಿ, ಆ ಗಾಳೀಲಿ ಯಾವ ದೋಣಿ ನಿಲ್ತದೆ" ಎಂದರು ಎಲ್ಲರೂ. ಗುರುವಾರ ಬೆಳಕು ಹರಿಯುವಾಗ ನಾನು ಊರ ತುದಿಯ ಕಡಲಬಂಡೆಗಳ ಹತ್ತಿರ ಹೋದೆ. ಏನು ನೋಡಲು ಹೋದೆನೋ ಈಗ ಬರೆಯುವುದಿಲ್ಲ. ಹೋಗಿ ನೋಡಿದರೆ ಬಂಡೆಯ ಮರೆಯಲ್ಲಿ ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಏಳೂ ದೋಣಿಗಳು! ಅವುಗಳ ಮೇಲೆ ಮನುಷ್ಯರು ಓಡಾಡುತ್ತಿದ್ದರು, ಯಾರೋ ಒಬ್ಬ ಒಲೆ ಹಚ್ಚಲು ಹೆಣಗುತ್ತಿದ್ದ. ನಾನು ನೀರಿಗಿಳಿದು ಕೂಗಿದೆ. ಮೊದಲ ದೋಣಿಯಿಂದ ಅದರ ಯಜಮಾನ ಒಬೆಡ್ ಸ್ಟೋರ್ ಬಗ್ಗಿ ನೋಡಿದ. ಅವನು ಕೇಳಿದ ಮೊದಲ ಮಾತು, "ಏನ್ ತಾಯಿ, ಈ ಊರಲ್ಲಿ ಚಹಾ ಸಿಗ್ತದಾ?" ಎರಡನೆಯ ಮಾತು, "ನಮ್ಮನೆಯವಳಿಗೆ ಹೆಂಗಾದ್ರೂ ಒಂದ್ ಮಾತು ಮುಟ್ಸಮ್ಮ. ಆ ಕೆಜಾಯಾ ಬಾಳ ಅವಸರದೋಳು. ನಾಳೆ ಹೊತ್ತಿಗೆ ಸೂತಕದ ಕರೀ ಬಟ್ಟೆ ಹೊಲಿಸ್ಕೊಂಡು ಕೂತಿರ್ತಾಳೆ."

ಒಬ್ಬ ಹುಡುಗನೂ ಹೋಗಿಲ್ಲ, ಒಬ್ಬ ಮುದುಕನೂ ಹೋಗಿಲ್ಲ, ಎಲ್ಲರೂ ಇದ್ದಾರೆ. ಒಬ್ಬನ ಕೈ ಮುರಿದಿದೆ. ನಾನು ಮನೆಗೆ ಓಡಿ ತೆಳ್ಳನೆಯ ಹಾಳೆಗಳಲ್ಲಿ ವರದಿಯನ್ನು ಎರಡು ಸಲ ಬರೆದೆ. ದೋಣಿಗಳ ಹೆಸರು, ಯಜಮಾನರ ಹೆಸರು, ಎಲ್ಲ. ಎರಡು ಹಕ್ಕಿಗಳ ಕಾಲಿಗೂ ಕಟ್ಟಿದೆ. ಒಂದನ್ನು ಗಿಡುಗ ಹಿಡಿದರೆ ಇನ್ನೊಂದು ತಲುಪಲಿ ಎಂಬ ಪದ್ಧತಿ ನಿಮಗೇ ಗೊತ್ತಲ್ಲ. ಒಂದು ಎಳೆಯ ಗಂಡು, ಗಾಳಿಗೆ ಹೆದರಿ ಮನೆಯ ಮೇಲೇ ಸುತ್ತುತ್ತಿತ್ತು. ಇನ್ನೊಂದು ಸಿಡುಕು ಮೋರೆಯ ಮುದಿ ಹೆಣ್ಣು, ಬಿಟ್ಟ ಕೂಡಲೇ ಯಾರನ್ನೂ ಕೇಳದೆ ದಕ್ಷಿಣಕ್ಕೆ ಹೊರಟುಹೋಯಿತು.

ಅಪ್ಪಾ, ಈ ವರದಿಯಲ್ಲಿ ಒಂದು ವಿಶೇಷಣವೂ ಇಲ್ಲ. ನೀವು ಓದಿ ಏನೆಂದಿರಿ? ಕೆಲಸ ಕಾಯಂ ಆಗುತ್ತದೆ, ನೋಡುತ್ತಿರಿ. ಆದರೆ ಇಂದು ಅದಕ್ಕಿಂತ ಹೆಚ್ಚಾಗಿ ಒಬೆಡ್ ಚಹಾ ಕುಡಿಯುವುದನ್ನು ನೋಡುತ್ತ ಕೂತು ಸಂತೋಷಪಟ್ಟೆ. ಐದು ಲೋಟ ಕುಡಿದ.

ಪಾರ್ಕಿನ್ ಪೂರ್ತಿ ಅವರಿಗೇ ಹಂಚಿದೆ. ಅಮ್ಮ ಬೇಜಾರು ಮಾಡಿಕೊಳ್ಳಬಾರದು.

ನಿಮ್ಮ ತಬಿ


ಹ್ಯಾಲಬಿ
9 ನವೆಂಬರ್ 1889

ತಬಿತಾ,

ಗುರುವಾರ ನಾನು ಮಾಡಿದ್ದು ಈ ಪತ್ರಕ್ಕಿಂತ ಮೊದಲೇ ಪಿಕ್ಸ್ಲಿಯವರಿಂದ ನಿನಗೆ ತಿಳಿದಿರುತ್ತದೆ. ಆದ್ದರಿಂದ ಅದನ್ನು ಮತ್ತೆ ವಿವರಿಸಲು ಹೋಗುವುದಿಲ್ಲ.

ನಿನಗೆ ಸಿಟ್ಟು ಬಂದಿರುತ್ತದೆ, ಬರಲಿ. ನಿನ್ನ ಕೈಗೆ ಸಿಕ್ಕ ಮೊದಲ ದೊಡ್ಡ ಸುದ್ದಿ. ಅದನ್ನು ಮೊದಲು ಹೇಳುವ ಹಕ್ಕು ನಿನ್ನ ಪತ್ರಿಕೆಯದಾಗಿತ್ತು. ಆ ಹಕ್ಕನ್ನು ನಾನು ಕಸಿದೆ. ಮೂವತ್ತು ವರ್ಷ ಈ ಉದ್ಯೋಗದಲ್ಲಿದ್ದವನಿಗೆ ಅದೆಷ್ಟು ದೊಡ್ಡ ತಪ್ಪು ಎಂಬುದು ಗೊತ್ತಿಲ್ಲದೆ ಇಲ್ಲ. ಆದರೂ ಪಶ್ಚಾತ್ತಾಪವಿಲ್ಲ. ನಾಳೆ ಅಂಥದೇ ಗಳಿಗೆ ಮತ್ತೆ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ.

ಮಂಡಿನೋವು ಹೆಚ್ಚಾಗಿದೆ. ಕೆಲವು ದಿನ ಮನೆಯಲ್ಲೇ ಇರುತ್ತೇನೆ. ಅಮ್ಮ ನನ್ನನ್ನು ಕೊಟ್ಟಿಗೆ ಸರಿಮಾಡಲು ಹಚ್ಚಿದ್ದಾಳೆ. ಕೋಳಿಗಳು ಸುದ್ದಿ ಕೇಳುವುದಿಲ್ಲ ಎಂಬುದೊಂದು ನೆಮ್ಮದಿ.

ಬೆಚ್ಚಗಿರು. ಒದ್ದೆ ಬೂಟಿನಲ್ಲಿ ತಿರುಗಬೇಡ, ನಿನ್ನ ಅಭ್ಯಾಸ ನನಗೆ ಗೊತ್ತು.

ಎನೋಕ್ ರಡಕ್


ಕ್ರಾಗ್‌ನೆಸ್
14 ನವೆಂಬರ್ 1889

ಕೊರಿಯರ್ ಪತ್ರಿಕೆಯ ಉಪಸಂಪಾದಕರಾದ ಶ್ರೀ ಎನೋಕ್ ರಡಕ್ ಅವರಿಗೆ,

ಇಂದು ಗಾಡಿಯಲ್ಲಿ ಮೂರು ವಸ್ತುಗಳು ಬಂದವು. ಒಂದು ನಿಮ್ಮ ಪತ್ರ. ಒಂದು ಏಳನೆಯ ತಾರೀಕಿನ ಕೊರಿಯರ್. ಒಂದು ನಮ್ಮ ಸಂಪಾದಕರ ಚೀಟಿ.

ಕೊರಿಯರ್‌ನ ಮೊದಲ ಅಂಕಣದಲ್ಲಿ ನನ್ನ ವರದಿ ಇದೆ. "ಎಲ್ಲರೂ ಬದುಕಿದ್ದಾರೆ" ಎಂಬ ಮೊದಲ ಸಾಲಿನಿಂದ ಮುರಿದ ಕೈಯವರೆಗೆ, ಒಂದು ಪದ ಹೆಚ್ಚುಕಡಿಮೆ ಇಲ್ಲ. ಮೇಲೆ "ನಮ್ಮ ಕ್ರಾಗ್‌ನೆಸ್ ಪ್ರತಿನಿಧಿಯಿಂದ" ಎಂದು ಹಾಕಿದ್ದೀರಿ. ಯಾರವರು? ನಾನು ಈ ಊರಿಗೆ ಬಂದ ಮೇಲೆ ಇಲ್ಲಿಯ ಒಂದು ಕುರಿ ಕೂಡ ಕೊರಿಯರ್‌ಗೆ ಬರೆಯುವುದನ್ನು ಕಂಡಿಲ್ಲ.

ಪಿಕ್ಸ್ಲಿಯವರು ಬರೆದಿರುವುದು ಇಷ್ಟು. ಎಳೆಯ ಹಕ್ಕಿ ಇನ್ನೂ ಬಂದಿಲ್ಲ. ಮುದಿ ಹಕ್ಕಿಯನ್ನು ಅವಸರದಲ್ಲಿ ಯಾರೋ ತಪ್ಪಾಗಿ ಬುಟ್ಟಿಗೆ ಹಾಕಿದ್ದರು, ಅದು ಹಳೆಯ ಗೂಡಿಗೆ, ಅಂದರೆ ನಿಮ್ಮ ಕಿಟಕಿಗೆ, ಬಂತು. ಕೊರಿಯರ್ ಬೀದಿಯಲ್ಲಿ ಮಾರಾಟವಾದ ಮೇಲೆ ನನ್ನ ಹಾಳೆಯನ್ನು ನೀವೇ ತಂದು, "ಇದು ನಿಮ್ಮದು" ಎಂದು ಹೇಳಿ, ಬೇರೇನೂ ಮಾತಾಡದೆ ಹೋದಿರಿ. ಉಂಡು ಮುಗಿಸಿ ಎಂಜಲು ತಟ್ಟೆ ವಾಪಸು ಕೊಟ್ಟ ಹಾಗೆ. ಇದೆಲ್ಲ ತಂದೆ ಮಗಳು ಸೇರಿ ಮೊದಲೇ ಮಾಡಿಕೊಂಡ ಏರ್ಪಾಡೇ ಎಂದು ಅವರು ನನ್ನನ್ನು ಕೇಳಿದ್ದಾರೆ. ಸರಿಯಾದ ಉತ್ತರ ಸಿಗದಿದ್ದರೆ ತಿಂಗಳ ಕೊನೆಗೆ ನಾನು ಹೊರಡಬಹುದು. ಕೆಲಸ ಹೋಗುವುದಲ್ಲದೆ ಸುದ್ದಿ ಮಾರಿಕೊಂಡವಳೆಂಬ ಹೆಸರೂ ಬರುತ್ತದೆ. ಆ ಮೇಲೆ ಯಾವ ಪತ್ರಿಕೆ ನನ್ನನ್ನು ಬಾಗಿಲ ಬಳಿಗೆ ಬಿಟ್ಟುಕೊಳ್ಳುತ್ತದೆ?

ನೀವು ಪಶ್ಚಾತ್ತಾಪವಿಲ್ಲ ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನಾನು ಈ ಕೆಲಸಕ್ಕೆ ಬರುವುದು ನಿಮಗೆ ಬೇಡವಾಗಿತ್ತು, ಅದು ಗೊತ್ತು. ಆದರೆ ಅದಕ್ಕಾಗಿ ನನ್ನ ಕೈಯಿಂದಲೇ ಕದಿಯುತ್ತೀರಿ ಎಂದು ಎಣಿಸಿರಲಿಲ್ಲ. ಚಿಕ್ಕವಳಾಗಿದ್ದಾಗ ಬೇರೆ ಪತ್ರಿಕೆಯ ಸಾಲು ಕದ್ದವನೊಬ್ಬನನ್ನು ನೀವು ಕಚೇರಿಯಿಂದ ಕಳಿಸಿದ ಕತೆಯನ್ನು ಎಷ್ಟು ಹೆಮ್ಮೆಯಿಂದ ಕೇಳುತ್ತಿದ್ದೆ.

ಪಿಕ್ಸ್ಲಿಯವರಿಗೆ ನಿಜ ಬರೆಯಿರಿ. ನನಗೆ ಬರೆಯುವ ಅಗತ್ಯವಿಲ್ಲ.

ತಬಿತಾ ರಡಕ್


ಹ್ಯಾಲಬಿ
17 ನವೆಂಬರ್ 1889

ತಬಿತಾ,

ಪಿಕ್ಸ್ಲಿಯವರಿಗೆ ಬರೆದಿದ್ದೇನೆ. ನಿನಗೂ ನನಗೂ ನಡುವೆ ಯಾವ ಏರ್ಪಾಡೂ ಇರಲಿಲ್ಲ, ನಾವಿಬ್ಬರೂ ಸರಿಯಾಗಿ ಮಾತೇ ಆಡುತ್ತಿರಲಿಲ್ಲ ಎಂದು ತಿಳಿಸಿದ್ದೇನೆ. ಅದಕ್ಕೆ ಪುರಾವೆಯಾಗಿ ನಿನ್ನ ಕೊನೆಯ ಪತ್ರವನ್ನೇ ಕಳಿಸಬಹುದಿತ್ತು. ಕಳಿಸಲಿಲ್ಲ.

ಬೀಕನ್‌ನವರು ನಿನಗೆ ನಡೆದದ್ದನ್ನು ಹೇಳಿದ್ದಾರೆ ಎಂದುಕೊಂಡಿದ್ದೆ. ಅವರಿಗೂ ಪೂರ್ತಿ ಗೊತ್ತಿರಲಿಲ್ಲ ಎಂದು ಈಗ ತಿಳಿಯಿತು. ಆ ದಿನ ನಾನು ನಿಂತು ಹೇಳಬೇಕಿತ್ತು. ಹೇಳುವ ಸ್ಥಿತಿಯಲ್ಲಿರಲಿಲ್ಲ.

ಕದ್ದೆ ಎಂದಿದ್ದೀಯೆ. ನನ್ನ ಬಗ್ಗೆ ನೀನು ಇಷ್ಟೇ ತಿಳಿದುಕೊಂಡೆಯಲ್ಲ ಮಗಳೇ. ಅಮ್ಮನಿಗೆ ಆ ಪತ್ರ ಓದಿ ಹೇಳಲಿಲ್ಲ. ಏನು ಬರೆದಿದ್ದಾಳೆ ಎಂದು ಕೇಳಿದಳು, "ಚಳಿ ಜಾಸ್ತಿಯಂತೆ" ಎಂದೆ.

ಅಪ್ಪ


ಕ್ರಾಗ್‌ನೆಸ್
21 ನವೆಂಬರ್ 1889

ಅಪ್ಪಾ,

ಎಲ್ಲಿಂದ ಶುರುಮಾಡಲಿ? ನಿಮ್ಮನ್ನು ಮೊದಲು ಬೈಯಲೋ, ಮೊದಲು ಕ್ಷಮೆ ಕೇಳಲೋ ತಿಳಿಯುತ್ತಿಲ್ಲ. ಎರಡಕ್ಕೂ ಸಾಕಾಗುವಷ್ಟು ಕಾಗದ ತೆಗೆದುಕೊಂಡು ಕೂತಿದ್ದೇನೆ.

ಒಬೆಡ್ ಸ್ಟೋರ್ ದೋಣಿಯ ಹಾಯಿಕಂಬ ಮುರಿದಿತ್ತು. ಅವನು ಬೇರೆಯವರ ದೋಣಿಯಲ್ಲಿ ಊರಿಗೆ ಹೋಗಿ, ಹೊಸ ಕಂಬ ಹಾಕಿಸಲು ನಿನ್ನೆ ಮತ್ತೆ ಇಲ್ಲಿಗೆ ಬಂದ. ನನ್ನನ್ನು ಹುಡುಕಿಕೊಂಡು ಮಿಸೆಸ್ ವೆಡ್ಡಲ್ ಅಡುಗೆಮನೆಗೇ ಬಂದು, ಟೋಪಿ ತೆಗೆದು ನಿಂತ. "ಕೆಜಾಯಾ ನಿಮಗೆ ಉಣ್ಣೆ ಕಾಲ್ಚೀಲ ಕಳ್ಸವಳೆ" ಎಂದ. ಆಮೇಲೆ, "ನಿಮ್ಮಪ್ಪ ಹೆಂಗವ್ರೆ? ಬೇರೆ ಕೆಲಸ ಏನಾದ್ರೂ ಸಿಗ್ತಾ?" ಎಂದ.

"ಬೇರೆ ಕೆಲಸ ಯಾಕೆ?" ಎಂದೆ.

"ಏನಮ್ಮ ಹಿಂಗ್ ಕೇಳ್ತೀರಿ? ನಮ್ ಸಲುವಾಗಿ ತಾನೆ ಅವರ ಕೆಲಸ ಹೋಗಿದ್ದು!"

ನಾನು ಕೂತೆ. ಅವನೂ ಕೂತ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಒಂದು ಪದ ತಪ್ಪಿದ್ದರೆ ನೀವು ತಿದ್ದಿ.

"ಬುಧವಾರ ರಾತ್ರಿಯಿಂದ ನಮ್ಮೂರ ಹೆಂಗಸರೆಲ್ಲ ಆ ಕೊರಿಯರ್ ಕಚೇರಿ ಮುಂದೇನೇ ನಿಂತಿದ್ರಂತೆ. ತಂತಿ ಸುದ್ದಿ ಬಂದ್ರೆ ಅಲ್ಲೇ ತಾನೆ ಗೋಡೆಗೆ ಹಚ್ಚೋದು. ತಂತಿಯೇ ಇಲ್ಲ, ಏನ್ ಹಚ್ತಾರೆ? ಮಧ್ಯಾಹ್ನದ ಹೊತ್ತಿಗೆ ಮೇಲಿನ ಕಿಟಕಿ ತೆಗೀತಂತೆ. ನಿಮ್ಮಪ್ಪ ಕಿಟಕಿ ಚೌಕಟ್ಟಿನ ಮೇಲೆ ಹತ್ತಿ ನಿಂತವ್ರೆ, ಕೈಯಲ್ಲಿ ಒಂದ್ ಚೂರು ಹಾಳೆ. ಹಿಂದ್‌ಗಡೆಯಿಂದ ಅವರ ಸಂಪಾದಕ ಕ್ರೌದರ್ ಕೋಟು ಹಿಡಿದು ಎಳೀತಾ, 'ಇಳಿ ಮಾರಾಯ, ಅರ್ಧ ಗಂಟೇಲಿ ಅಚ್ಚಾಗ್ತದೆ, ದುಡ್ಡು ಕೊಟ್ಟು ಓದ್ಲಿ' ಅಂತಾವ್ನೆ. ನಿಮ್ಮಪ್ಪ ತಿರುಗಿ, 'ಅರ್ಧ ಗಂಟೆ ನೀನು ಅವರ ಜಾಗದಲ್ಲಿ ನಿಂತ್ಕೊಂಡು ನೋಡು' ಅಂದ್ರಂತೆ. ಓದೋಕೆ ಶುರು ಮಾಡಿದ್ರು. ದೋಣಿ ಹೆಸರು ಓದೋದು, ನಿಲ್ಸೋದು, ಕೆಳಗಡೆ ಅಳೋರ ಸದ್ದು ಅಡಗೋವರೆಗೂ ಕಾಯೋದು, ಮತ್ತೆ ಓದೋದು. ನಮ್ ಕೆಜಾಯಾ ನನ್ ಹೆಸರು ಕೇಳ್ದೋಳೇ ರಸ್ತೇಲೇ ಕೂತ್ಬಿಟ್ಳಂತೆ. ಇನ್ನೊಂದ್ ಗಳಿಗೆ ತಡ ಆಗಿದ್ರೆ ಎದೆ ಒಡೀತಿತ್ತು ಅಂತಾಳೆ."

ಆ ಹೊತ್ತಿಗೆ ಕ್ರೌದರ್ ತಮ್ಮ ಹುಡುಗನೊಬ್ಬನನ್ನು ಕೆಳಗೆ ನಿಲ್ಲಿಸಿ ನೀವು ಓದಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆಸಿಕೊಂಡರಂತೆ. ಅದನ್ನೇ "ನಮ್ಮ ಪ್ರತಿನಿಧಿಯಿಂದ" ಎಂದು ಅಚ್ಚು ಹಾಕಿದರಂತೆ. ನೀವು ನನ್ನ ಹಾಳೆ ಹಿಡಿದುಕೊಂಡು ಗುಡ್ಡ ಹತ್ತಿ ಬೀಕನ್‌ಗೆ ಹೋಗಿ, ವಾಪಸು ಬರುವಷ್ಟರಲ್ಲಿ ನಿಮ್ಮ ಕೋಟಿನ ಕೊಕ್ಕೆಯ ಮೇಲೆ ಬೇರೆಯವರ ಕೋಟು ನೇತಾಡುತ್ತಿತ್ತಂತೆ.

ಅಪ್ಪಾ! ಮಂಡಿನೋವಂತೆ, ಕೊಟ್ಟಿಗೆಯಂತೆ, ಕೋಳಿಯಂತೆ! ಕೆಲಸ ಹೋಗಿದೆ ಎಂದು ಒಂದು ಸಾಲು ಬರೆಯಲು ನಿಮಗೆ ಏನಾಗಿತ್ತು? ನಾನು ಬರೆದದ್ದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ನಿನ್ನೆ ಒಬೆಡ್ ಹೋದ ಮೇಲೆ ಎಷ್ಟು ಅತ್ತೆನೆಂದರೆ ಮಿಸೆಸ್ ವೆಡ್ಡಲ್ ಹೆದರಿ, ಹಬ್ಬಕ್ಕೆಂದು ಇಟ್ಟಿದ್ದ ಬ್ರಾಂಡಿಯನ್ನು ಚಹಾಕ್ಕೆ ಸುರಿದಳು. ಅದು ದುಃಖದ ಅಳುವಲ್ಲ. ನನ್ನ ಅಪ್ಪ ಕಳ್ಳನಲ್ಲ ಎಂಬ ನಿರಾಳ ಎಷ್ಟು ದೊಡ್ಡದೋ ಅದನ್ನು ಹೇಳಲು ನನಗೆ ಬರುವುದಿಲ್ಲ. ನನ್ನನ್ನು ಕ್ಷಮಿಸಿ.

ಇನ್ನೊಂದು ವಿಷಯ. ಇಂದು ಪಿಕ್ಸ್ಲಿಯವರ ಪತ್ರ ಬಂತು. "ನಿಮ್ಮ ತಂದೆಯ ಪತ್ರ ತಲುಪಿತು. ಕೊರಿಯರ್‌ನವರ ಮಾತನ್ನು ನಾನು ನಂಬುವವನಲ್ಲ. ಆದರೆ ಅದೇ ದಿನ ಕೆಜಾಯಾ ಸ್ಟೋರ್ ಎಂಬಾಕೆ ತನ್ನ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ನನ್ನ ಕೋಣೆಗೆ ನುಗ್ಗಿದರು. ಅವರನ್ನು ನಂಬದೆ ಇರುವ ಧೈರ್ಯ ನನಗಿಲ್ಲ" ಎಂದು ಬರೆದಿದ್ದಾರೆ. ಡಿಸೆಂಬರ್ ಒಂದರಿಂದ ನನ್ನ ಕೆಲಸ ಕಾಯಂ. ಬಂದರಿನ ಸುದ್ದಿ ಇನ್ನು ನನ್ನದು, ಟೋಪಿ ಜಾಮುಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ.

ಆದರೆ ನಿಮ್ಮ ಕೆಲಸ ತೆಗೆದುಕೊಂಡು ಬಂದ ಕಾಯಂ ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಏನು ಮಾಡೋಣ ಹೇಳಿ.

ರೈಲು ಸರಿಹೋಗಿದೆ. ಶನಿವಾರ, ಮೂವತ್ತನೇ ತಾರೀಕು, ಮನೆಗೆ ಬರುತ್ತೇನೆ. ಈ ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಬೇಕು, ಏನನ್ನೂ ನುಂಗಬಾರದು.

ನಿಮ್ಮ ತಬಿ


ಹ್ಯಾಲಬಿ
24 ನವೆಂಬರ್ 1889

ತಬಿ, ನನ್ನ ಮಗಳೇ,

ಪೂರ್ತಿ ಓದಿದೆ. ಅಮ್ಮ ಮಧ್ಯದಲ್ಲಿ ಎದ್ದು ಒಲೆಯ ಹತ್ತಿರ ಹೋಗಿ ಬೇಡದಿದ್ದರೂ ಬೆಂಕಿ ಕೆದಕಿದಳು. ಆಮೇಲೆ, "ಅಪ್ಪ ಮಗಳು ಇಬ್ರೂ ಊರಿನ ಸುದ್ದಿಯೆಲ್ಲ ಬರೀತೀರಿ, ನಿಮ್ಮ ಮನೆ ಸುದ್ದಿ ಮಾತ್ರ ಮೀನುಗಾರನ ಬಾಯಲ್ಲಿ ಕೇಳ್ಬೇಕು" ಎಂದಳು. ಇದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಬರುವಾಗ ತೆಗೆದುಕೊಂಡು ಬಾ.

ಒಬೆಡ್ ಹೇಳಿದ್ದರಲ್ಲಿ ತಿದ್ದುಪಡಿ ಹೆಚ್ಚಿಲ್ಲ. ಬೀಕನ್‌ಗೆ ಬೇಗ ತಲುಪಿಸಬೇಕೆಂದೇ ಹೊರಟೆ. ಗುಡ್ಡ ಒಂದು ಕಡೆ, ಮಂಡಿ ಒಂದು ಕಡೆ. ಮಂಡಿನೋವು ಸುಳ್ಳಲ್ಲ, ತಿಳಿದುಕೋ. ಅಲ್ಲಿ ಹೋದರೆ ಬಾಗಿಲಿನ ಗುಮಾಸ್ತ, "ಕೊರಿಯರ್‌ನವರಿಗೆ ಒಳಗೇನ್ ಕೆಲಸ?" ಎಂದು ಬೆಂಚಿನ ಮೇಲೆ ಕೂರಿಸಿಬಿಟ್ಟ. ಪಿಕ್ಸ್ಲಿ ಹೊರಗೆ ಬಂದಾಗ ಕೆಳಗಿನ ಬೀದಿಯಿಂದ ಕೊರಿಯರ್ ಮಾರುವವರ ಕೂಗು ಗುಡ್ಡದ ಮೇಲಕ್ಕೂ ಕೇಳುತ್ತಿತ್ತು. ಇನ್ನು ಏನು ಹೇಳಿದರೂ ತಡವಾಗಿತ್ತು. ಹಾಳೆ ಕೊಟ್ಟು ಬಂದುಬಿಟ್ಟೆ.

ಇನ್ನು ನನ್ನ ಕೆಲಸದ ವಿಷಯಕ್ಕೆ ನೀನು ಗಂಟಲು ಒಣಗಿಸಿಕೊಳ್ಳಬೇಡ. ನಗುವ ಸುದ್ದಿಯೇ ಇದೆ.

ನಿನ್ನ ಕೆಜಾಯಾ ಮತ್ತು ಅವಳ ಗೆಳತಿಯರು ಪಿಕ್ಸ್ಲಿಯ ಕೋಣೆಗೆ ನುಗ್ಗಿ ಸುಮ್ಮನಾಗಲಿಲ್ಲ. ನಮ್ಮಲ್ಲಿ ಮಾರಾಟವಾಗದೆ ಉಳಿದ ಪತ್ರಿಕೆಗಳೆಲ್ಲ ಮೀನು ಸುತ್ತಲು ಮಾರುಕಟ್ಟೆಗೆ ಹೋಗುವುದು ನಿನಗೆ ಗೊತ್ತಲ್ಲ. ಸೋಮವಾರದಿಂದ ಒಬ್ಬ ಮೀನುಗಾರ್ತಿಯೂ ಕೊರಿಯರ್ ಮುಟ್ಟಲಿಲ್ಲ. ಯಾರಾದರೂ ಗಿರಾಕಿ ತಾನೇ ಕೊರಿಯರ್ ಹಾಳೆ ತಂದು "ಇದರಲ್ಲಿ ಸುತ್ತಿಕೊಡಿ" ಎಂದರೆ, "ಬೇಡ ತಾಯಿ, ನಮ್ಮ ಮೀನು ತಾಜಾ ಇದೆ, ನಾತ ಹತ್ತುತ್ತೆ" ಎನ್ನುತ್ತಿದ್ದರಂತೆ. ಗುರುವಾರದ ಹೊತ್ತಿಗೆ ಊರಿನಲ್ಲಿ ನಗದವರೇ ಇರಲಿಲ್ಲ. ನಗರಸಭೆಯ ಊಟದಲ್ಲಿ ಯಾರೋ ಕ್ರೌದರ್‌ಗೆ ಮೀನು ಬಡಿಸುತ್ತ, "ಬೀಕನ್‌ನಲ್ಲಿ ಸುತ್ತಿ ತಂದದ್ದು, ಧೈರ್ಯವಾಗಿ ತಿನ್ನಿ" ಎಂದರಂತೆ.

ಶುಕ್ರವಾರ ಬೆಳಿಗ್ಗೆ ಕ್ರೌದರ್ ನಮ್ಮ ಮನೆಗೆ ಬಂದರು. ನಾನು ಕೊಟ್ಟಿಗೆಯ ಮಾಡಿನ ಮೇಲಿದ್ದೆ. ಅಮ್ಮ ಬಾಗಿಲಲ್ಲೇ ನಿಲ್ಲಿಸಿ, "ಅರ್ಧ ಗಂಟೆ ಕಾಯಿರಿ, ಆಮೇಲೆ ಬರ್ತಾರೆ" ಎಂದಳು. ನಿಜಕ್ಕೂ ಕಾಯಿಸಿದಳು. ನಾನು ಇಳಿಯಲು ಹೋದರೆ ಕಣ್ಣಲ್ಲೇ ಗದರಿದಳು.

"ರಡಕ್, ವಾಪಸು ಬಂದ್ಬಿಡಪ್ಪ" ಎಂದರು ಕ್ರೌದರ್. "ಹೊಸಬ ಇದ್ದಾನಲ್ಲ, ಅವನು ನಿನ್ನೆ ಬಿಷಪ್ಪರ ಭಾಷಣವನ್ನ ಹಂದಿ ಬೆಲೆಗಳ ಮಧ್ಯೆ ಹಾಕ್ಬಿಟ್ಟ."

ಬರುತ್ತೇನೆ, ಆದರೆ ಒಂದು ತಿದ್ದುಪಡಿ ಅಚ್ಚಾಗಬೇಕು ಎಂದೆ. ಅವರು ತಲೆ ಹಿಡಿದುಕೊಂಡರು. ಎದುರು ಪತ್ರಿಕೆಯ ಹೆಸರನ್ನು ನಮ್ಮ ಕಾಲಂನಲ್ಲಿ ಹಾಕಿದ್ದು ಕೊರಿಯರ್‌ನ ಚರಿತ್ರೆಯಲ್ಲೇ ಇಲ್ಲ. ಆದರೂ ನಿನ್ನೆಯ ಪತ್ರಿಕೆಯಲ್ಲಿ ಬಂದಿದೆ, ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ. ಏಳನೆಯ ತಾರೀಕಿನ ಕ್ರಾಗ್‌ನೆಸ್ ಸುದ್ದಿ ಬೀಕನ್ ಪತ್ರಿಕೆಯ ವರದಿಗಾರರದು, ನಮ್ಮದಲ್ಲ, ಎಂದು. ನಾಳೆಯಿಂದ ಮತ್ತೆ ನನ್ನ ಕಿಟಕಿಯ ಪಕ್ಕ ಕೂರುತ್ತೇನೆ. ನಿನ್ನ ಎದುರಾಳಿಯಾಗಿಯೇ. ಬಂದರಿನ ಸುದ್ದಿಯಲ್ಲಿ ನಿನ್ನನ್ನು ಹಿಂದೆ ಹಾಕದಿದ್ದರೆ ನನ್ನ ಹೆಸರು ಎನೋಕ್ ಅಲ್ಲ.

ತಿದ್ದುಪಡಿಯಲ್ಲಿ ನಿನ್ನ ಹೆಸರಿಲ್ಲ. ಕ್ರೌದರ್ ಒಪ್ಪಲಿಲ್ಲ, ನನಗೂ ಒತ್ತಾಯ ಮಾಡಲು ಬಾಯಿ ಬರಲಿಲ್ಲ. ವರದಿಗಾರರ ಹೆಸರು ಹಾಕುವ ಪದ್ಧತಿ ಯಾವ ಪತ್ರಿಕೆಯಲ್ಲೂ ಇಲ್ಲ. ನನ್ನ ಹೆಸರೂ ಈ ಮೂವತ್ತು ವರ್ಷದಲ್ಲಿ ಒಮ್ಮೆಯೂ ಅಚ್ಚಾಗಿಲ್ಲ. ಆದರೆ ಒಬೆಡ್ ನಿನಗೆ ಹೇಳದ ಒಂದು ಸಂಗತಿ ಇದೆ. ಅವನ ಹೆಂಡತಿ ಆ ಹೊತ್ತಿಗೆ ರಸ್ತೆಯಲ್ಲಿ ಕೂತು ಅಳುತ್ತಿದ್ದಳು, ಅವಳಿಗೆ ಕೇಳಿಸಿರಲಾರದು. ನನಗೂ ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಆ ಹಕ್ಕಿಯ ಕಾಲಿನಿಂದ ಹಾಳೆ ಬಿಚ್ಚಿದಾಗ ಅಕ್ಷರ ನೋಡಿದ ಕೂಡಲೇ ನಿನ್ನದೆಂದು ಗೊತ್ತಾಯಿತು. ಯಾವ ಬರಹ ಸಿಕ್ಕಿದರೂ ಎಲ್ಲಿ ಕತ್ತರಿಸಲಿ ಎಂದು ನೋಡುವುದು ನನ್ನ ರೋಗ. ನೋಡಿದೆ. ಕತ್ತರಿಸಲು ಒಂದು ಪದವೂ ಸಿಗಲಿಲ್ಲ. ಜನ ಯಾವುದಕ್ಕೆ ಉಸಿರು ಹಿಡಿದು ನಿಂತಿದ್ದರೋ ಅದನ್ನೇ ನೀನು ಮೊದಲ ಸಾಲಿನಲ್ಲಿ ಹೇಳಿದ್ದೆ. ದೊಡ್ಡ ದೊಡ್ಡವರಿಗೆ ಹೇಳಿಕೊಟ್ಟರೂ ಬಾರದ ಕೆಲಸ ಅದು. ಕಿಟಕಿಯ ಮೇಲೆ ಹತ್ತಿದ್ದು ಆಮೇಲೆ.

ಓದಿ ಮುಗಿಸಿದೆ. ಕೆಳಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ಯಾರೋ ಒಬ್ಬ ಮುದುಕಿ ತಲೆಯೆತ್ತಿ, "ಯಾರಪ್ಪಾ ಇದನ್ನ ಬರ್ದವ್ರು? ಅವರ ಹೊಟ್ಟೆ ತಣ್ಣಗಿರ್ಲಿ" ಎಂದಳು.

"ನನ್ನ ಮಗಳು" ಎಂದೆ. "ಬೀಕನ್ ಪತ್ರಿಕೆಯ ವರದಿಗಾರ್ತಿ, ತಬಿತಾ ರಡಕ್."

ಆಕೆ ಕಿವಿಗೆ ಕೈ ಹಿಡಿದಳು. ಅದಕ್ಕೇ ಇನ್ನೊಂದು ಸಲ, ಬೀದಿಗೆಲ್ಲ ಕೇಳುವ ಹಾಗೆ, ಕೂಗಿ ಹೇಳಿದೆ. ಅವಳಿಗೆ ಮೊದಲನೇ ಸಲವೇ ಕೇಳಿಸಿತ್ತೋ ಏನೋ. ನನಗೆ ಇನ್ನೊಮ್ಮೆ ಹೇಳಬೇಕಿತ್ತು.

ಅಪ್ಪ